ಹುಬ್ಬಳ್ಳಿಯ ಹೆಸರು ಹಿಡಿದ ಮಾತು

ಜುಲೈ 8, 2014, ಮಂಗಳವಾರ

ಪುಣೆ ಸಿಕ್ಕಿತು.

ಬೀಳಗಿಯ ಇಂಟರ್ನೆಟ್ ಅಂಗಡಿಯಲ್ಲಿ ಮೂರು ಸಲ ಕರೆಂಟು ಹೋಗಿ, ನಾಲ್ಕನೇ ಸಲಕ್ಕೆ ಪುಟ ತೆರೆಯಿತು. ಮಾಯಾ ಹಾಲಸಿದ್ದಪ್ಪ ಪೂಜಾರಿ, ಅದರ ಮುಂದೆ ಪುಣೆಯ ಸರ್ಕಾರಿ ಮೆಡಿಕಲ್ ಕಾಲೇಜು. ಪ್ರಿಂಟ್ ಎಷ್ಟು ಬೇಕು ಅಂತ ಅಂಗಡಿಯವನು ಕೇಳಿದ್ದಕ್ಕೆ ನಾಲ್ಕು ಅಂದುಬಿಟ್ಟೆ. ನಾಲ್ಕು ಯಾಕೆ ಅಂತ ನನಗೂ ಗೊತ್ತಿಲ್ಲ.

ಹತ್ತು ದಿನದ ಹಿಂದೆ ಸಿಇಟಿಯಲ್ಲಿ ಹುಬ್ಬಳ್ಳಿ ಸಿಕ್ಕಿತ್ತು. ಸಿಇಟಿ ಬರೆದ ದಿನ ನನಗೆ ಮೈ ಸುಡುವಷ್ಟು ಜ್ವರ, ಅದರಲ್ಲೂ ಹುಬ್ಬಳ್ಳಿ ಸಿಕ್ಕಿತಲ್ಲ ಅಂತ ಕುಣಿದಾಡಿದ್ದೆ. ಪುಣೆಯದು ಅಖಿಲ ಭಾರತ ಕೋಟಾದ್ದು. ಎರಡೂ ಸರ್ಕಾರಿ, ಎರಡಕ್ಕೂ ಕೊನೆಯ ದಿನ ಇಪ್ಪತ್ಮೂರು. ಮಾರ್ಕ್ಸ್ ಕಾರ್ಡು, ಟಿಸಿ, ಎಲ್ಲದರ ಅಸಲು ಪ್ರತಿಯನ್ನು ಅಷ್ಟರೊಳಗೆ ಒಂದು ಕಾಲೇಜಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಇನ್ನೊಂದು ಸೀಟು ಹೋಯಿತು, ಮತ್ತೆ ಕೇಳುವ ಹಾಗಿಲ್ಲ.

ಅವ್ವ ಕೈಯಲ್ಲಿದ್ದ ಹಿಟ್ಟಿನ ಸಮೇತ ನನ್ನ ಗಲ್ಲ ಹಿಡಿದಳು. ಅಣ್ಣ ಯಲ್ಲಾಲಿಂಗ ಬಾಡಗಂಡಿಯ ಸಕ್ಕರೆ ಕಾರ್ಖಾನೆಯಿಂದ ಫೋನು ಮಾಡಿ, ಪಾಳಿ ಮುಗಿಸಿ ಪೇಡೆ ತರುತ್ತೇನೆ ಅಂದ. ಅಪ್ಪ ಹಟ್ಟಿಯಲ್ಲಿ ಕುರಿಯ ಗೊರಸು ಕೆರೆಯುತ್ತಿದ್ದ. ಕೇಳಿ, ‘ಮತ್ತ ಹುಬ್ಬಳ್ಳಿ?’ ಅಂದ. ಅದನ್ನು ಬಿಟ್ಟರಾಯಿತು ಅಂದೆ. ಕೈ ತೊಳೆದುಕೊಂಡು ಊಟವನ್ನೂ ಮಾಡದೆ ಬೀರಪ್ಪನ ಗುಡಿಗೆ ಹೋದ. ಪೂಜಾರಿಗೆ ಸಂತೋಷವಾದರೆ ಇನ್ನೆಲ್ಲಿಗೆ ಹೋಗುತ್ತಾನೆ.

ಜುಲೈ 9, ಬುಧವಾರ

ಅವ್ವನ ತಲೆಯಲ್ಲಿ ಹೊಸದೊಂದು ಹೊಕ್ಕಿದೆ. ಎರಡೂ ಕಾಲೇಜಿಗೆ ಇನ್ನೊಮ್ಮೆ ಹೋಗಬೇಕಂತೆ, ಮನೆ ನೋಡುವುದಕ್ಕೆ.

ಹೆಣ್ಣು ಕೊಡುವ ಮುಂಚೆ ನಮ್ಮವರು ಮನೆ ನೋಡುತ್ತಾರಲ್ಲ, ಹಾಗೆ. ಗಂಡಸರು ಪಡಸಾಲೆಯಲ್ಲಿ ಕುಳಿತು ಹೊಲ ಎಷ್ಟು, ಕುರಿ ಎಷ್ಟು ಅಂತ ಮಾತಾಡುತ್ತಾರೆ. ಹೆಂಗಸರು ಸೀದಾ ಹಿತ್ತಲಿಗೆ ಹೋಗಿ ನೀರಿನ ಹಂಡೆ ನೋಡಿ, ಆ ಮನೆಗೆ ಮೊದಲೇ ಬಂದಿರುವ ಸೊಸೆಯನ್ನು ಒಬ್ಬಳನ್ನೇ ಮಾತಾಡಿಸುತ್ತಾರೆ. ಅತ್ತೆ ಹೇಳಿದ್ದನ್ನು ಅವ್ವ ಯಾವ ಮನೆಯಲ್ಲೂ ನಂಬಿದವಳಲ್ಲ. ಸೊಸೆ ಬಾಯಿ ಬಿಡದಿದ್ದರೆ ಅವಳ ಕೈ ಎಷ್ಟು ಸವೆದಿದೆ ಅಂತ ನೋಡುತ್ತಾಳೆ.

ನಾನು ಎರಡನ್ನೂ ನೋಡಿದ್ದೇನೆ ಅಂದೆ. ಹುಬ್ಬಳ್ಳಿಗೆ ಸೀಟು ಸಿಕ್ಕ ಮರುದಿನ ಅಣ್ಣನ ಜೊತೆ ಹೋಗಿದ್ದೆ, ಪುಣೆಯದನ್ನು ಪರೀಕ್ಷೆ ಬರೆಯಲು ಹೋದಾಗ ರಸ್ತೆಯ ಆಚೆಯಿಂದ ನೋಡಿದ್ದೆ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಅಪ್ಪನೂ ಬರುತ್ತಾನಂತೆ. ಕಂಬಳಿ, ರುಮಾಲು, ಸೊಂಟಕ್ಕೆ ಭಂಡಾರದ ಚೀಲ, ಈ ವೇಷದಲ್ಲಿ ಮೆಡಿಕಲ್ ಕಾಲೇಜಿಗೆ. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿದೆ.

ಒಂದು ಸಮಾಧಾನ. ಮೇ ತಿಂಗಳಲ್ಲಿ ಸಾಬಣ್ಣ ಮಾವ ತನ್ನ ಮಗನಿಗೆ ನನ್ನನ್ನು ಕೇಳಿದ್ದ. ಅಪ್ಪನ ಸ್ವಂತ ಅಕ್ಕನ ಗಂಡ, ಬೀರಪ್ಪನ ಎರಡನೇ ಪೂಜಾರಿ ಮನೆಯವನು, ಊರಲ್ಲಿ ಅರ್ಧ ಮಂದಿ ಅವನ ಮಾತಿಗೆ ಹೂಂ ಅನ್ನುತ್ತಿದ್ದರು. ಆ ಮಾತು ತಾನಾಗಿಯೇ ತಣ್ಣಗಾಗಿದೆ. ಈಗ ನೋಡುವ ಮನೆಗಳಲ್ಲಿ ಗಂಡಂತೂ ಇಲ್ಲ.

ಜುಲೈ 11, ಶುಕ್ರವಾರ

ಹುಬ್ಬಳ್ಳಿ ನೋಡಿ ಬಂದೆವು. ಬರೆಯುವುದಕ್ಕೂ ಸಿಟ್ಟು ಬರುತ್ತಿದೆ.

ಆಸ್ಪತ್ರೆಯ ಮೆಟ್ಟಿಲು ಹತ್ತುವ ಮುಂಚೆ ಅಪ್ಪ ಬಗ್ಗಿ ಚಿಟಿಕೆ ಭಂಡಾರ ತೆಗೆದು ಮೊದಲ ಮೆಟ್ಟಿಲಿಗೆ ಹಚ್ಚಿದ. ಕಾವಲಿನವನು ಏನದು ಅಂತ ಗದರಿದ. ಅರಿಷಿನ, ಬೀರಪ್ಪನದು, ಅಂತ ಅಪ್ಪ ನಿಧಾನವಾಗಿ ಹೇಳಿದ. ಬಿಳಿ ಕೋಟಿನ ಹುಡುಗರು ಇಬ್ಬರು ನಿಂತು ನೋಡಿ ಹೋದರು. ಇನ್ನೊಂದು ತಿಂಗಳಿಗೆ ಅವರೇ ನನ್ನ ಸೀನಿಯರ್ ಆದರೆ ಅಂತ ನೆನೆದೇ ಬೆವರಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಉದ್ದನೆಯ ಸಾಲಿನಿಂದ ಒಬ್ಬ ಎದ್ದು ಬಂದು ಅಪ್ಪನ ಕಾಲಿಗೆ ಬಿದ್ದ. ಅನಗವಾಡಿ ಕಡೆಯ ಕುರಿಗಾರ, ಹೆಂಡತಿಗೆ ಹೆರಿಗೆ ಕಷ್ಟವಾಗಿ ಒಳಗೆ ಕರೆದುಕೊಂಡು ಹೋಗಿದ್ದರಂತೆ. ಅಪ್ಪ ಅವನ ಹಣೆಗೆ ಭಂಡಾರ ಹಚ್ಚಿ, ತಲೆಯ ಮೇಲೆ ಕೈ ಇಟ್ಟು, ಅಲ್ಲೇ ನೆಲದ ಮೇಲೆ ಅವನ ಪಕ್ಕ ಕುಳಿತ. ಒಂದು ಗಂಟೆ ಕುಳಿತ. ಕೂಸು ಹುಟ್ಟಿತು ಅಂತ ನರ್ಸು ಬಂದು ಹೇಳುವವರೆಗೂ ಕುಳಿತ. ಆ ಮನುಷ್ಯ ನನ್ನ ಕಡೆ ತಿರುಗಿ, ಪೂಜೇರಿ ಮಗಳಲ್ಲೇನು ಅಂತ ನನಗೂ ಕೈ ಮುಗಿದ. ಹದಿನೆಂಟು ವರ್ಷ ಇದನ್ನೇ ಕೇಳಿದ್ದೇನೆ. ಇಲ್ಲಿಗೆ ಬಂದರೆ ಇನ್ನೂ ಐದೂವರೆ ವರ್ಷ ಇದನ್ನೇ ಕೇಳಬೇಕು.

ಅವ್ವ ಅಷ್ಟರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೂವರನ್ನು ಹಿಡಿದು ಕೂರಿಸಿಕೊಂಡಿದ್ದಳು. ಏನು ಉಣ್ಣುತ್ತೀರಿ, ಯಾರಾದರೂ ಕಾಡುತ್ತಾರಾ, ಎಷ್ಟು ಸಲ ಅತ್ತಿದ್ದೀರಿ, ಎಲ್ಲ ಕೇಳಿದ್ದಾಳೆ. ರೋಗಿಗಳು ಬಹಳ, ಕೈಗೆ ಕೆಲಸ ಸಿಗುತ್ತದೆ, ಕಲಿಯುವುದು ಚೆನ್ನಾಗಿದೆ ಅಂದರಂತೆ. ಅವ್ವ ಒಬ್ಬೊಬ್ಬಳ ಅಂಗೈ ತಿರುಗಿಸಿ ನೋಡಿದ್ದನ್ನು ನಾನು ದೂರದಿಂದ ಕಂಡೆ. ‘ಮನಿ ಛಲೋ ಐತಿ,’ ಅಂತ ತೀರ್ಪು ಕೊಟ್ಟಳು.

ಬಸ್ಸಿನಲ್ಲಿ ಅಪ್ಪ ಬಹಳ ಗೆಲುವಾಗಿದ್ದ. ಹುಬ್ಬಳ್ಳಿಯ ನೀರು ರುಚಿ ಇದೆ ಅಂತ ಎರಡು ಸಲ ಹೇಳಿದ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಜುಲೈ 14, ಸೋಮವಾರ

ಇವತ್ತು ಜಮಖಂಡಿಯಿಂದ ಪುಣೆ ಬಸ್ಸು. ಅಪ್ಪ ಬರುವುದಿಲ್ಲ ಅಂದ, ಅವ್ವ ಕೈ ಹಿಡಿದು ಎಬ್ಬಿಸಿದಳು. ಬಂದವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಕುಳಿತಿದ್ದಾನೆ.

ಜುಲೈ 15, ಮಂಗಳವಾರ

ಪುಣೆಯಲ್ಲಿದ್ದೇನೆ. ಇಡೀ ದಿನದ್ದು ಬರೆಯಬೇಕು, ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ.

ಕಾಲೇಜಿನ ಗೇಟಿನವರೆಗೆ ಬಂದ ಅಪ್ಪ ಅಲ್ಲೇ ನಿಂತ. ನೀವು ಹೋಗಿ ನೋಡಿ ಬರ್ರಿ ಅಂತ ಎದುರಿನ ಮರದ ಕೆಳಗೆ ಕಂಬಳಿ ಹಾಸಿ ಕುಳಿತುಬಿಟ್ಟ. ಮೆಟ್ಟಿಲಿಗೆ ಭಂಡಾರವೂ ಇಲ್ಲ, ಏನೂ ಇಲ್ಲ. ಮಧ್ಯಾಹ್ನ ನೀರು ತಂದುಕೊಟ್ಟರೆ ಕುಡಿಯಲಿಲ್ಲ. ಹುಬ್ಬಳ್ಳಿಯಲ್ಲಿ ನಾನು ಮುಖ ಗಂಟಿಕ್ಕಿದ್ದಕ್ಕೆ ಸೇಡು ಅಂದುಕೊಂಡೆ. ಆಗಲಿ, ಕುಳಿತುಕೊಳ್ಳಲಿ, ನನಗೂ ಹಟ ಇದೆ.

ಅವ್ವ ಇಲ್ಲಿಯೂ ಸೊಸೆಯನ್ನು ಹುಡುಕಿದಳು. ಸಿಕ್ಕವಳು ಮನೀಷಾ, ಎರಡನೇ ವರ್ಷ, ಗಡಿಯಾಚೆ ಜತ್ತ ಕಡೆಯವಳು. ಕುರಿ ಮೇಯಿಸುತ್ತಾ ಕಲಿತ ಮರಾಠಿಯಲ್ಲಿ ಅವ್ವ ಶುರು ಮಾಡಿದರೆ ಅವಳು ನಕ್ಕು ಕನ್ನಡದಲ್ಲೇ ಉತ್ತರ ಕೊಟ್ಟಳು. ಮೊದಲ ಮೂರು ತಿಂಗಳು ದಿನಾ ಅಳುತ್ತಿದ್ದೆ, ಆಮೇಲೆ ಅಳುವುದಕ್ಕೆ ಹೊತ್ತು ಸಿಗಲಿಲ್ಲ ಅಂದಳು. ಅವ್ವನಿಗೆ ಆ ಮಾತು ಹಿಡಿಸಿತು. ಅವಳ ಕೈ ನೋಡಿ ಇದೂ ಛಲೋ ಮನಿ ಅಂದಳು. ಅಂದಮೇಲೆ ಮನೆ ನೋಡಿ ಬಂದ ಲಾಭ ಏನು?

ಆದರೆ ನಾನು ಒಂದು ನೋಡಿದೆ. ಮನೀಷಾ ನನ್ನನ್ನು ಲೈಬ್ರರಿಯ ಓದುವ ಕೋಣೆಗೆ ಕರೆದುಕೊಂಡು ಹೋದಳು. ಎತ್ತರದ ಮಾಡು, ಉದ್ದ ಮೇಜುಗಳು, ನೂರು ಮಂದಿ ಇದ್ದರೂ ಹಾಳೆ ತಿರುವುವ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಒಂದು ಕುರ್ಚಿ ಖಾಲಿ ಇತ್ತು. ಕುಳಿತು ನೋಡು ಅಂದಳು, ಕುಳಿತೆ. ಮೇಜಿನ ಮೇಲಿದ್ದ ಹೃದಯದ ಪುಸ್ತಕ ತೆಗೆದು ಓದತೊಡಗಿದೆ. ಅರ್ಧದಷ್ಟು ತಿಳಿಯಲಿಲ್ಲ. ತಿಳಿಯದ ಅರ್ಧವನ್ನು ಕಲಿಯಲೇಬೇಕು ಅಂತ ಹೊಟ್ಟೆಯಲ್ಲಿ ಹಸಿವಾದಂತೆ ಆಯಿತು. ಪಕ್ಕದವಳು ತಲೆ ಎತ್ತಿ ನೋಡಿ, ನೀನು ಯಾರ ಮಗಳು ಅಂತ ಕೇಳದೆ, ತನ್ನ ಪುಸ್ತಕ ಸರಿಸಿ ಜಾಗ ಮಾಡಿಕೊಟ್ಟಳು. ಮುಕ್ಕಾಲು ಗಂಟೆ ಓದಿದೆನಂತೆ. ನನಗೆ ಐದು ನಿಮಿಷ ಅನ್ನಿಸಿತ್ತು.

ನನಗೆ ಪುಣೆಯೇ ಬೇಕು. ಇಷ್ಟು ಬೇಕು ಅಂತ ಇದುವರೆಗೆ ಯಾವುದಕ್ಕೂ ಅನ್ನಿಸಿರಲಿಲ್ಲ.

ಜುಲೈ 16, ಬುಧವಾರ

ಅವ್ವ ಹೇಳಿದಳು. ನಳದ ಹತ್ತಿರ ಕೊಡ ತುಂಬುವಾಗ, ನನ್ನ ಮುಖ ನೋಡದೆ ಹೇಳಿದಳು.

ಸಾಬಣ್ಣ ಮಾವನ ಮಾತು ತಾನಾಗಿ ತಣ್ಣಗಾಗಿರಲಿಲ್ಲ. ಹುಬ್ಬಳ್ಳಿಯ ಸೀಟು ಬಂದ ಸಂಜೆ ಗುಡಿಯಲ್ಲಿ ಹಿರಿಯರೆಲ್ಲ ಇದ್ದಾಗ ಅವನು ಮತ್ತೆ ಮದುವೆಯ ಮಾತು ತೆಗೆದನಂತೆ. ಹೆಣ್ಣುಹುಡುಗಿಯನ್ನು ಇವನೆಲ್ಲಿ ಓದಿಸುತ್ತಾನೆ, ಇವತ್ತು ಸೀಟು ಅನ್ನುತ್ತಾನೆ, ನಾಳೆ ಮನೆಯಲ್ಲಿ ಕೂರಿಸುತ್ತಾನೆ, ಅಂದನಂತೆ. ಅಪ್ಪನಿಗೆ ತಡೆಯಲಾಗಲಿಲ್ಲ. ಚೀಲದಲ್ಲಿ ಕೈ ಇಟ್ಟು, ನನ್ನ ಮಗಳು ಮಾಯಾಳನ್ನು ಈ ಶ್ರಾವಣದೊಳಗೆ ಹುಬ್ಬಳ್ಳಿಯ ಕಾಲೇಜಿಗೆ ಹಚ್ಚುತ್ತೇನೆ, ತಪ್ಪಿದರೆ ಈ ಚೀಲ ನನ್ನದಲ್ಲ, ಅಂದ. ಅಲ್ಲಿಗೆ ಮದುವೆಯ ಮಾತು ಸತ್ತಿತು.

ಹುಬ್ಬಳ್ಳಿ ಅಂತ ಯಾಕೆ ಹೇಳಬೇಕಿತ್ತು, ಬರೀ ಡಾಕ್ಟರು ಓದಿಸುತ್ತೇನೆ ಅಂದಿದ್ದರೆ ಆಗುತ್ತಿರಲಿಲ್ಲವೇ ಅಂತ ಕಿರುಚಿದೆ. ಆಗುತ್ತಿರಲಿಲ್ಲ. ಭಂಡಾರ ಮುಟ್ಟಿ ಆಡುವ ಮಾತಿಗೆ ಮೂರು ಬೇಕು: ಯಾರು, ಎಲ್ಲಿ, ಯಾವ ಗಡುವಿನೊಳಗೆ. ಒಂದು ಬಿಟ್ಟರೂ ಅದನ್ನು ಆಣೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆವತ್ತು ಅಪ್ಪನಿಗೆ ಗೊತ್ತಿದ್ದ ಊರು ಒಂದೇ.

ಭಂಡಾರದ ಚೀಲ ಅಂದರೆ ಪೂಜಾರಿಕೆ. ಒಂದು ಸಲ ಹೋದರೆ ಅವನ ಜೀವಮಾನದಲ್ಲಿ ತಿರುಗಿ ಬರುವುದಿಲ್ಲ. ಇನ್ನೊಂದು ಪೂಜಾರಿ ಮನೆಗೆ ಹೋಗುತ್ತದೆ, ಅಂದರೆ ಸಾಬಣ್ಣ ಮಾವನಿಗೆ. ಆಲಮಟ್ಟಿಯ ಹಿನ್ನೀರು ಹಳೇ ಊರಿಗೆ ಹೊಕ್ಕಾಗ ಎದೆಯುದ್ದ ನೀರಿನಲ್ಲಿ ಬೀರಪ್ಪನನ್ನು ಹೊತ್ತು ಈ ದಿಬ್ಬಕ್ಕೆ ತಂದವನು ಅಪ್ಪ. ನಾನು ಐದು ವರ್ಷದವಳು, ಅಣ್ಣನ ಹೆಗಲ ಮೇಲಿಂದ ನೋಡಿದ್ದೆ. ಇದಕ್ಕೆ ದಂಡ ಕಟ್ಟಿ ಬಿಡಿಸಿಕೊಳ್ಳುವ ದಾರಿ ಇಲ್ಲವಾ ಅಂದೆ. ಜಕ್ಕಪ್ಪನನ್ನು ನೋಡು ಅಂದಳು ಅವ್ವ. ಸಾಯುವವರೆಗೆ ಯಾವ ಊರಲ್ಲೂ ಕುಡಿಯುವುದಿಲ್ಲ ಅಂತ ಭಂಡಾರ ಮುಟ್ಟಿದ್ದ ಜಕ್ಕಪ್ಪ ಮುಧೋಳದ ಒಂದು ಮದುವೆಯಲ್ಲಿ ಕುಡಿದ. ದಂಡ ಕೊಡುತ್ತೇನೆ ಅಂತ ಅಂಗಲಾಚಿದರೂ ಅಪ್ಪ ಒಪ್ಪದೆ ಗುಡಿಯ ಹೊಸ್ತಿಲ ಹೊರಗೆ ನಿಲ್ಲಿಸಿದ. ನಾಲ್ಕು ವರ್ಷವಾಯಿತು, ಜಕ್ಕಪ್ಪ ಇನ್ನೂ ಹೊರಗೇ ನಿಲ್ಲುತ್ತಾನೆ.

ನನ್ನನ್ನು ಒಂದು ಮಾತು ಕೇಳಿದ್ದರೆ. ನನ್ನ ಓದು, ನನ್ನ ಸೀಟು, ನನಗೇ ಗೊತ್ತಿಲ್ಲದೆ ಗುಡಿಯಲ್ಲಿ ಇತ್ಯರ್ಥ ಆಗಿಹೋಗಿದೆ. ಸಿಟ್ಟಿಗೆ ಅಕ್ಷರ ಸೊಟ್ಟ ಬೀಳುತ್ತಿದೆ.

ಜುಲೈ 17, ಗುರುವಾರ

ಯಾರ ಜೊತೆಗೂ ಮಾತಿಲ್ಲ. ಆರು ದಿನ ಉಳಿದಿದೆ.

ಜುಲೈ 18, ಶುಕ್ರವಾರ

ಅಣ್ಣ ರಜೆ ಹಾಕಿ ಬಂದ. ಅವನದು ಕಾರ್ಖಾನೆಯ ಬುದ್ಧಿ, ಯಾವ ಯಂತ್ರ ಕೆಟ್ಟರೂ ಏನಾದರೊಂದು ಸಿಕ್ಕಿಸಿ ಓಡಿಸುವುದು. ಹುಬ್ಬಳ್ಳಿಗೆ ಒಂದು ದಿನದ ಮಟ್ಟಿಗೆ ಸೇರಿಸಿ ಬಿಡಿಸಿದರೆ ಆಣೆಯೂ ನಡೆಯಿತು, ಪುಣೆಯೂ ಆಯಿತು ಅಂದ. ಅಸಲು ಪ್ರತಿ ಅಲ್ಲಿ ಕೊಟ್ಟರೆ ಪುಣೆ ಆವತ್ತೇ ಹೋಗುತ್ತದೆ ಅಂತ ನಾನು ಹೇಳಬೇಕಾಯಿತು. ದೇವರ ಜೊತೆ ಆಟ ಆಡುವುದಲ್ಲ ಅಂತ ಅಪ್ಪ ಹೊರಗಿನಿಂದಲೇ ಅಂದ.

ಆಮೇಲೆ ನಾನೇ ಹಟ್ಟಿಗೆ ಹೋದೆ. ಎರಡು ದಿನ ಯೋಚಿಸಿ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅಪ್ಪ ಒಂದು ಮರಿಗೆ ತಾಯಿಯ ಮೊಲೆ ಹಿಡಿಸುತ್ತಿದ್ದ.

‘ಯಪ್ಪಾ, ನಾ ಹುಬ್ಬಳ್ಳಿಗೇ ಹೋಗ್ತೀನಿ. ಅದೂ ಛಲೋ ಕಾಲೇಜ ಐತಿ.’

ಅಪ್ಪ ತಲೆ ಎತ್ತಲಿಲ್ಲ. ‘ನಾ ಭಂಡಾರ ಮುಟ್ಟಿರಲಿಲ್ಲ ಅಂದ್ರ ಎಲ್ಲಿಗೆ ಹೋಗ್ತಿದ್ದಿ?’

‘ಪುಣೆಕ್ಕ.’

ಬಾಯಿಂದ ಹಾರಿಬಿಟ್ಟಿತು. ಒಂದು ಗಳಿಗೆ ತಡೆದು ಹೇಳಿದ್ದರೂ ಸಾಕಿತ್ತು. ಅಪ್ಪ ಮರಿಯನ್ನು ಬಿಟ್ಟು ನನ್ನ ಕಡೆ ತಿರುಗಿದ.

‘ಕುರಿ ನಂದು, ಹೊಲ ನಂದು, ಅವುಗಳ ಮ್ಯಾಲ ನಾ ಆಣಿ ಮಾಡಬೌದು. ನಿನ್ನ ಓದಿನ ಮ್ಯಾಲ ನಿನ್ನ ಕೇಳದ ಮಾಡೀನಿ. ತಪ್ಪು ನಂದು ಯವ್ವಾ. ಅದನ್ನ ನೀ ಯಾಕ ತೀರಸ್ತಿ?’

‘ಸಾಬಣ್ಣ ಮಾವನ ಕೈಯಾಗ ಚೀಲ ನೋಡಾಕ ಆಗತೈತೇನು ನಿನಗ?’

‘ಆಗೂದಿಲ್ಲ,’ ಅಂದ ಅಪ್ಪ. ‘ಆದರ ನೀ ಹುಬ್ಬಳ್ಳ್ಯಾಗ ಕುಂತು ಪುಣೆ ನೆನಸೂದು ನೋಡಾಕ ಅದಕ್ಕಿಂತ ಆಗೂದಿಲ್ಲ.’

ಅಷ್ಟು ಹೇಳಿ ಆ ಕುರಿಗೆ ಹಾಲು ಕಡಿಮೆ ಇದೆ, ಇನ್ನೊಂದರ ಕೆಳಗೆ ಬಿಡಬೇಕು ಅಂತ ಬೇರೆ ಮಾತು ತೆಗೆದ. ರವಿವಾರ ಹಿರಿಯರನ್ನು ಕರೆದಿದ್ದಾನೆ.

ಜುಲೈ 20, ರವಿವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ನಾಳೆ ನಾನೇ ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಬೆಳಗ್ಗೆ ಹತ್ತಕ್ಕೆ ಗುಡಿ ತುಂಬಿತ್ತು. ಹಿರಿಯ ಚನಮಲ್ಲಪ್ಪ ಮಾತು ನಡೆಸಿದ. ಅಪ್ಪ ಎದ್ದು ನಿಂತು, ಆಡಿದ ಮಾತು ಉಳಿಸಿಕೊಳ್ಳಲಾಗಲಿಲ್ಲ, ಮಗಳು ಪುಣೆಗೆ ಹೋಗುತ್ತಾಳೆ, ತಪ್ಪು ನನ್ನದು, ಅಂತ ಹೇಳಿದ. ಸಣ್ಣ ದನಿಯಲ್ಲೇನೂ ಹೇಳಲಿಲ್ಲ. ಯಾರೋ ಹಿಂದಿನಿಂದ, ಪೂಜೇರಿ ತನಗೊಂದು, ಮಂದಿಗೊಂದು ಮಾಡಲಿಲ್ಲ ನೋಡು ಅಂದರು. ಅದು ಹೊಗಳಿಕೆಯೋ ಕುಹಕವೋ ತಿಳಿಯಲಿಲ್ಲ. ಸಾಬಣ್ಣ ಮಾವ ನೆಲ ನೋಡುತ್ತಿದ್ದ. ಅವನಾದರೂ ಹಿಗ್ಗಿದ್ದರೆ ನನಗೆ ಬೈಯಲು ಒಬ್ಬ ಸಿಗುತ್ತಿದ್ದ.

ಚೀಲ ಕೈ ಬದಲಾಗುವ ಮುಂಚೆ ಮೂರು ಸಲ ಕೇಳುತ್ತಾರೆ. ಆಣೆ ಯಾರ ಹೆಸರಿನಲ್ಲಿತ್ತೋ ಅವರು ಎದ್ದು, ಮಾತು ನಡೆಯುತ್ತದೆ ಅಂದರೆ ಸಾಕು, ಅಲ್ಲಿಗೆ ಎಲ್ಲ ನಿಲ್ಲುತ್ತದೆ. ಆಣೆ ಇದ್ದದ್ದು ನನ್ನ ಹೆಸರಿನಲ್ಲಿ. ಚನಮಲ್ಲಪ್ಪ ನನ್ನ ಕಡೆಯೇ ತಿರುಗಿ ಕೇಳಿದ.

‘ಹಾಲಸಿದ್ದನ ಮಾತು ತಪ್ಪಾಕತ್ತೈತಿ. ನಡಸವ್ರು ಯಾರರೆ ಅದಾರೇನು?’

ಮೊದಲ ಸಲ ಕೇಳಿದಾಗ ನಾನು ಏಳುತ್ತೇನೆ ಅಂತಲೇ ನನಗೆ ಅನ್ನಿಸಿತ್ತು. ಕಾಲು ಮಡಚಿ ಕುಳಿತಿದ್ದವಳು ಅಂಗೈಯನ್ನು ನೆಲಕ್ಕೂ ಊರಿದ್ದೆ. ಎರಡನೇ ಸಲ ಕೇಳಿದಾಗ ಅವ್ವ ಹೆಂಗಸರ ನಡುವಿನಿಂದ ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ಬೈಯುವುದೂ ಅಲ್ಲ. ಏನು ಮಾಡುತ್ತಾಳೆ ನೋಡೋಣ ಅನ್ನುವ ಹಾಗೆ ನೋಡಿದಳು. ಮೂರನೇ ಸಲ ಕೇಳುವ ಮುಂಚೆ ಚನಮಲ್ಲಪ್ಪ ಬೇಕೆಂದೇ ತಡ ಮಾಡಿದ. ನನಗೆ ಬೇಕಾದಷ್ಟು ಹೊತ್ತು ಕೊಟ್ಟ. ಆ ಹೊತ್ತಿನಲ್ಲಿ ನಾನು ಆ ಓದುವ ಕೋಣೆಯ ಕುರ್ಚಿಯನ್ನು ನೆನೆದೆ. ಇದು ಸತ್ಯ. ಅಪ್ಪನನ್ನಲ್ಲ, ಬೀರಪ್ಪನನ್ನಲ್ಲ, ಕುರ್ಚಿಯನ್ನು.

ಮೂರನೇ ಸಲವೂ ನಾನು ಬಾಯಿ ಬಿಡಲಿಲ್ಲ.

ಅಪ್ಪ ಚೀಲ ಬಿಚ್ಚಿದ. ಗಂಟು ಹಳೆಯದು, ಬೇಗ ಬಿಚ್ಚಲಿಲ್ಲ. ಅಣ್ಣ ಎದ್ದು ಕೈ ಹಚ್ಚಿದ. ಸಾಬಣ್ಣ ಮಾವನ ಸೊಂಟಕ್ಕೆ ಕಟ್ಟಿದಾಗ ಅವನೇ ಅತ್ತ. ಆಮೇಲೆ ಅಪ್ಪ, ಯಾರೂ ಹೇಳದೆಯೇ, ಗುಡಿಯ ಒಳಗಿನಿಂದ ನಡೆದು ಹೊಸ್ತಿಲು ದಾಟಿ ಹೊರಗೆ ನಿಂತ. ಅಲ್ಲಿ ಜಕ್ಕಪ್ಪ ಇದ್ದ. ಸ್ವಲ್ಪ ಸರಿದು, ನೆರಳಿದ್ದ ಕಡೆ ಅಪ್ಪನಿಗೆ ಜಾಗ ಬಿಟ್ಟ. ಇಬ್ಬರೂ ಪೂಜೆ ಮುಗಿಯುವವರೆಗೆ ಹೊರಗಿನಿಂದ ಕೈ ಮುಗಿದು ನಿಂತಿದ್ದರು.

ಜುಲೈ 21, ಸೋಮವಾರ

ಅವ್ವ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ. ಒಂದು ತಿಂಗಳಿಗೆ ಸಾಕಾಗುವಷ್ಟಿದೆ. ನನ್ನ ಜೊತೆ ಮಾತು ಮಾತ್ರ ಆಡಿಲ್ಲ. ಆಡು ಅಂತ ಕೇಳುವ ಧೈರ್ಯ ನನಗೂ ಇಲ್ಲ.

ಜುಲೈ 22, ಮಂಗಳವಾರ, ಪುಣೆ

ಸೇರಿದೆ.

ಈ ಸಲ ಅಪ್ಪ ಗೇಟಿನಲ್ಲಿ ನಿಲ್ಲಲಿಲ್ಲ, ನಮಗಿಂತ ಮುಂದೆ ಒಳಗೆ ನಡೆದ. ಆಫೀಸಿನ ಸಾಲಿನಲ್ಲಿ ಎರಡು ಗಂಟೆ ನನ್ನ ಹಿಂದೆಯೇ ನಿಂತಿದ್ದ. ಗುಮಾಸ್ತ ಒಂದೊಂದೇ ಕಾಗದ ತೆಗೆದುಕೊಂಡು ಠಸ್ಸೆ ಒತ್ತಿದ. ಎಲ್ಲ ಮುಗಿದ ಮೇಲೆ ಹಾಸ್ಟೆಲು ನೋಡಿದೆವು. ಮಂಚದ ಮೇಲೆ ಅವ್ವ ಕೈಯಾಡಿಸಿ, ಹಾಸಿಗೆ ಒಣಗಿದೆ ಅಂದಳು. ಎರಡು ದಿನದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಅದು. ನಾನು ಹೂಂ ಅಂದೆ. ಅವ್ವ ಬಂದಿದ್ದಾಳೆ ಅಂತ ಗೊತ್ತಾಗಿ ಮನೀಷಾ ಓಡಿ ಬಂದಳು. ಅವ್ವ ಅವಳ ಕೈಯನ್ನು ನನ್ನ ಕೈಯಲ್ಲಿಟ್ಟಳು.

ನಾಲ್ಕು ಗಂಟೆಗೆ ಅವರ ಬಸ್ಸು. ಗೇಟಿನವರೆಗೆ ಹೋದೆ. ಅವ್ವ ಮುಂದೆ ಹೋಗಿ ಆಟೋ ಹಿಡಿದಳು. ಅಪ್ಪ ಎರಡು ಹೆಜ್ಜೆ ತಿರುಗಿ ಬಂದ.

‘ಮಾಯಾ, ಖರೆ ಹೇಳು. ಖುಷಿ ಅದಿಯಿಲ್ಲೋ?’

ಇಲ್ಲ ಅನ್ನಲು ಬಾಯಿ ತೆರೆದೆ. ನಾಚಿಕೆಗಾದರೂ ಇಲ್ಲ ಅನ್ನಬೇಕಿತ್ತು.

‘ಅದೀನಿ ಯಪ್ಪಾ,’ ಅಂದೆ.

‘ಹಂಗಾರ ಆತು,’ ಅಂದ. ಮುಖ ಅರಳಿತು. ಕಂಬಳಿ ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿದ.

ನಾನು ಸುಳ್ಳು ಹೇಳಿರಲಿಲ್ಲ. ಸುಳ್ಳಾಗಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ. ನಾಳೆ ಎಂಟಕ್ಕೆ ಅನಾಟಮಿ ಕ್ಲಾಸಿದೆ.